ಸಂಗವ್ವನ ಪಂಚಮಿಯೂ ಒಂಟಿ ಸೂಜಿಯ ಮಹಾಸಮರವೂ

ಭೂಮಂಡಲದ ಸಾರ್ವಭೌಮರೆಲ್ಲ ಒಬ್ಬರ ನಗರದ ಮೇಲೊಬ್ಬರು ಅಗ್ನಿವರ್ಷ ಸುರಿಸುತ್ತಿದ್ದ, ಸಕ್ಕರೆಯು ಅಮೃತದಂತೆ ಕಿವಿಗೆ ಮಾತ್ರ ಗೋಚರವಾಗಿದ್ದ, ಚಿಮಣಿ ಎಣ್ಣೆಯ ಪಾಳಿಯು ಅಂಗಡಿಯ ಕಟ್ಟೆಯಿಂದ ಹೊರಟು ಓಣಿಗಳನ್ನು ಸುತ್ತಿ ಮತ್ತೆ ಅದೇ ಕಟ್ಟೆಗೆ ಬಂದು ಮುಟ್ಟುತ್ತಿದ್ದ, ದೊರೆತನವು ಕಾಸಿನ ನಡುವಿನ ತಾಮ್ರವನ್ನು ತಾನಿಟ್ಟುಕೊಂಡು ಪ್ರಜೆಗಳಿಗೆ ತೂತನ್ನು ದಯಪಾಲಿಸಿದ್ದ ಆ ಘೋರ ಸುಭಾನು ಸಂವತ್ಸರದಲ್ಲಿ, ಶ್ರಾವಣಮಾಸದ ಶುಕ್ಲಪಕ್ಷದಲ್ಲಿ, ನಾಗರ ಪಂಚಮಿಯ ಹಿಂದಿನ ದಿನ ಬೆಟಗೇರಿಯ ಒಂದು ಪಡಸಾಲೆಯಲ್ಲಿ ನಡೆದ ಮಹಾಯುದ್ಧವನ್ನು ಹಾಡಲು ಹೊರಟಿದ್ದೇನೆ. ಎಲೈ ವಾಗ್ದೇವಿಯೇ, ನಾಲಗೆಯ ಮೇಲೆ ಬಂದು ನೆಲಸು. ಕಾಗದಕ್ಕೂ ಬರ ಬಂದಿರುವುದರಿಂದ ಹೆಚ್ಚು ಹೊತ್ತು ಕೂರಬೇಡ.

ಹಿಂದೊಬ್ಬ ರಾಜಪುತ್ರ ಸೂಜಿಮೊನೆ ಊರುವಷ್ಟು ನೆಲವನ್ನೂ ಕೊಡೆನೆಂದು ಹಟ ಹಿಡಿದು ತನ್ನ ಕುಲವನ್ನೇ ಕಳೆದನೆಂದು ಕೇಳಿದ್ದೇವೆ. ಅಲ್ಲಿ ನೆಲದ ಆಸೆ, ಸೂಜಿ ಬರೀ ಮಾತಿಗೆ. ಇಲ್ಲಿ ಸೂಜಿಯೇ ಆಸೆ. ಅದೂ ಇದ್ದದ್ದು ಒಂದೇ ಒಂದು.

ಹತ್ತಿ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತನೂ, ನಾಟಕಶಾಲೆಯ ಚಾಪೆಯ ಮೇಲೆ ಚಕ್ರವರ್ತಿಯೂ, ಕಂಪನಿ ನಾಟಕಗಳ ಸಕಲವೀರರಸಸಂಭಾಷಣಾಕಂಠಪಾಠಧುರಂಧರನೂ, ಜರಿರುಮಾಲಮಂಡಿತಮಸ್ತಕನೂ ಆದ ಹೊಂಬಳದ ಅಂದಾನೆಪ್ಪನೆಂಬ ಮಹಾರಥಿ ಆ ಮನೆಯ ಒಡೆಯ. ಅವನ ರಥವೆಂದರೆ ಒಂದು ಗ್ರಾಮೋಫೋನು. ಕಮಲದಂತೆ ಅರಳಿದ ಹಿತ್ತಾಳೆ ಕಹಳೆಯ ಆ ಯಂತ್ರವು ಓಣಿಗೆಲ್ಲ ಒಂದೇ. ಅದರ ಕೀಲಿಯನ್ನು ಅಂದಾನೆಪ್ಪನ ಬಲಗೈಯಲ್ಲದೆ ಇನ್ನೊಂದು ಕೈ ತಿರುವಿದ್ದಿಲ್ಲ. ಹೆಂಡತಿ ಗುರವ್ವ ಅದರ ಧೂಳು ಒರೆಸಬಹುದಿತ್ತು, ಅಷ್ಟೇ.

ಆದರೆ ಏನು ಹೇಳಲಿ! ಯುದ್ಧಕ್ಕೆ ಮೊದಲು ಆರಾಣೆಗೆ ಡಬ್ಬಿ ತುಂಬ ಬರುತ್ತಿದ್ದ ಸೂಜಿಗಳು, ಅಂದರೆ ಪ್ಲೇಟಿನ ಮೇಲೆ ಓಡಿ ಹಾಡು ಹೊರಡಿಸುವ ಆ ಉಕ್ಕಿನ ಪಿನ್ನುಗಳು, ಹಡಗಿನಲ್ಲಿ ಬರುವುದು ನಿಂತು ಮೂರು ರೂಪಾಯಿಗೂ ಸಿಗದಂತಾದವು. ಅಂದಾನೆಪ್ಪ ಹಳೆಯವನ್ನು ಕಲ್ಲಿಗೆ ಮಸೆದು ಮಸೆದು ಬಾರಿಸಿದ. ಕೊನೆಗೆ ಮಸೆಯಲೂ ಏನೂ ಉಳಿಯಲಿಲ್ಲ. ಪೇಟೆಯ ಚಹದಂಗಡಿಯವರು ಜಾಲಿ ಮುಳ್ಳು ಸಿಕ್ಕಿಸಿ ಹಾಡು ಹಚ್ಚುತ್ತಾರೆಂದು ಬಳೆಗಾರ್ತಿಯ ಬಾಯಿಂದ ಕೇಳಿ ಗುರವ್ವ ಹೇಳಿದಾಗ ಅವನು ಎರಡೂ ಕಿವಿ ಮುಚ್ಚಿಕೊಂಡ.

"ಚಹದಂಗಡಿ ಬಾಳೇವು ನಮಗ ಬ್ಯಾಡ. ನನ್ನ ಮಶೀನಿಗೆ ಮುಳ್ಳು ಹಾಕಂಗಿಲ್ಲ ಅಂದ್ರ ಹಾಕಂಗಿಲ್ಲ" ಎಂದ. ಹೀಗೆ ಆ ರಥವು ವರ್ಷದಿಂದ ಬಾಯಿ ತೆರೆದುಕೊಂಡು ಮೂಕವಾಗಿ ಕುಳಿತಿತ್ತು.

ಈಗ ಪಂಚಮಿಯ ಮಾತು. ಪಂಚಮಿಗೆ ತವರಿನಿಂದ ಅಣ್ಣನೋ ತಮ್ಮನೋ ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯಬೇಕು. ಅದು ಈ ಸೀಮೆಯ ಹೆಣ್ಣುಮಕ್ಕಳ ಹಕ್ಕು, ಅದಕ್ಕೆ ಯಾವ ಸರ್ಕಾರವೂ ರೇಶನ್ ಹಾಕಿಲ್ಲ. ಆದರೆ ಗುರವ್ವನ ಒಬ್ಬನೇ ತಮ್ಮ ರುದ್ರಪ್ಪ ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದ. ಕರೆಯಲು ಬರುವವನೇ ಇಲ್ಲದ್ದರಿಂದ ತಾಯಿ ಸಂಗವ್ವ ತಾನೇ ಹೊಳೆಆಲೂರಿನಲ್ಲಿ ರೈಲು ಹತ್ತಿ ಹಿರಿಯ ಮಗಳ ಮನೆಗೆ ಬಂದಿದ್ದಳು. ಬಂದವಳಿಗೆ ಮಾತಿಲ್ಲ. ಉಂಡೆಯಾ ಅಂದರೆ ಹೂಂ, ಬೇಡವಾ ಅಂದರೂ ಹೂಂ. ಗೋಡೆಗೆ ಒರಗಿ ಕೂತು ಬೀದಿಯ ಕಡೆ ನೋಡುತ್ತಿದ್ದಳು. ತಾಯಿಯನ್ನು ನೋಡಿ ಗುರವ್ವನಿಗೆ ಹೆದರಿಕೆಯಾಯಿತು.

ರುದ್ರಪ್ಪ ದಂಡಿಗೆ ಹೋಗುವ ಮೊದಲು ತಂದುಕೊಟ್ಟ ನಗೆಚಾಟಿಕೆಯ ಪ್ಲೇಟೊಂದು ಮನೆಯಲ್ಲಿತ್ತು. ಅತ್ತೆಯ ಮನೆಗೆ ಒಂದು ದಿನಕ್ಕೆಂದು ಬಂದ ಅಳಿಯನೊಬ್ಬ ಹೋಗುವುದೇ ಇಲ್ಲ. ಅತ್ತೆ ಸೂಚಿಸುತ್ತಾಳೆ, ಅವನು ಜಾರಿಕೊಳ್ಳುತ್ತಾನೆ. ರುದ್ರಪ್ಪ ಟವೆಲನ್ನು ಸೆರಗಿನಂತೆ ಹೊದ್ದು ಅದನ್ನು ಪಾತ್ರ ಸಮೇತ ಆಡಿ ತೋರಿಸುತ್ತಿದ್ದ. ಸಂಗವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದೊಂದು ಪ್ಲೇಟು ಕೇಳಿಸಿದರೆ ಅವ್ವ ಒಮ್ಮೆಯಾದರೂ ನಕ್ಕಾಳು ಎಂಬುದೇ ಗುರವ್ವನ ಹಬ್ಬದ ಆಸೆಯಾಗಿತ್ತು.

ಆಗ, ಹುಬ್ಬಳ್ಳಿಯ ಗಾಡಿಯಿಂದ ಇಳಿದು, ಕಿರಿಯ ಅಳಿಯ ಚನ್ನವೀರಪ್ಪ ಬಂದ. ಮಿಲಿಟರಿ ಗುತ್ತಿಗೆದಾರನ ಕಚೇರಿಯಲ್ಲಿ ಖಾಕಿ ಬಟ್ಟೆಯ ಥಾನುಗಳನ್ನು ಎಣಿಸಿ ಎಣಿಸಿ ಅರ್ಧ ಸೇನಾಪತಿಯಾಗಿದ್ದ, ಸುವಾಸಿತಕೇಶತೈಲವಿರಾಜಿತನೂ ಮುಂಬಯಿ ಸಿನಿಮಾಗೀತಗುಂಜನಲೋಲನೂ ಆದ ಆ ವೀರನ ಹಿಂದೆ ಅವನ ಹೆಂಡತಿ ಕಾಶವ್ವ, ಕಂಕುಳಲ್ಲಿ ಒಂದು ಹೊಸ ಪ್ಲೇಟು. ಕೈಕಾಲು ತೊಳೆಯುವುದಕ್ಕೂ ಮೊದಲು ಅವನು ಕೋಟಿನ ಒಳಕಿಸೆಯಿಂದ ಚಿಕ್ಕ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಅದರೊಳಗೆ ಲಕಲಕ ಹೊಳೆಯುತ್ತ ಒಂದು ಸೂಜಿ ಮಲಗಿತ್ತು.

"ಸಾಹೇಬ್ರ ಬಂಗಲೇದಾಗ ಕಾಲಿಗೆ ಬಿದ್ದು ಇಸ್ಕೊಂಡ ಬಂದೀನಿ, ಅಣ್ಣಾವ್ರ. ಒಂದ ಪ್ಲೇಟ ತಡಿತೈತಿ. ಎರಡನೇದು ಹಾಕಿದ್ರ ಪ್ಲೇಟ ಕೆರೀತೈತಿ."

ಯಂತ್ರವೊಬ್ಬನದು, ಸೂಜಿಯಿನ್ನೊಬ್ಬನದು, ಬಾರಿಸಬಹುದಾದದ್ದು ಒಂದೇ ಪ್ಲೇಟು. ಷಡ್ಡಕರ ನಡುವೆ ಯುದ್ಧವಾಗಲು ಇದಕ್ಕಿಂತ ಕಡಿಮೆ ಸಾಕು.

ಗುರವ್ವ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಏನ್ರೀ, ಒಂದ ಅಂದ್ರ ನಮ್ಮ ರುದ್ರನ ಪ್ಲೇಟ ಹಚ್ರಿ. ಅವ್ವ ನಕ್ಕು ಎಷ್ಟ ದಿವಸಾತು."

"ಯಾವುದು, ಆ ಅಳಿಯಂದ?" ಎಂದ ಅಂದಾನೆಪ್ಪ.

"ಹಬ್ಬಕ್ಕ ಕರದು ಅಳಿಯಂದ್ರ ಮಾನಾ ಕಳೀತೀರೇನು, ವೈನಿ?" ಎಂದ ಚನ್ನವೀರಪ್ಪ.

ಆ ಮಧ್ಯಾಹ್ನವೆಲ್ಲ ಇಬ್ಬರೂ ಒಮ್ಮತಕ್ಕೆ ಬಂದದ್ದು ಈ ಒಂದು ವಿಷಯದಲ್ಲಿ. ಗುರವ್ವ ಮುಖ ಚಿಕ್ಕದು ಮಾಡಿಕೊಂಡು ಉಂಡಿ ಕಟ್ಟಲು ಕುಳಿತಳು. ಯುಗಾದಿಯಿಂದ ಚಹಕ್ಕೆ ಬೆಲ್ಲ ಹಾಕಿ ಹಾಕಿ ಉಳಿಸಿದ ಸಕ್ಕರೆಯನ್ನೆಲ್ಲ ಹುರಿದ ರವೆಗೆ ಬೆರೆಸಿ ದೊಡ್ಡ ಪರಾತದಲ್ಲಿ ಹರವಿಕೊಂಡಿದ್ದಳು. ಪರಾತ ಪಡಸಾಲೆಯ ನಡುವೆ, ಗ್ರಾಮೋಫೋನಿನ ಮೇಜಿನ ಬುಡದಲ್ಲೇ ಇತ್ತು. ಇದನ್ನು ಓದುಗರು ಮರೆಯಬಾರದು.

ಅಂದಾನೆಪ್ಪ ಶಲ್ಯವನ್ನು ಹೆಗಲ ಮೇಲೆ ಬೀಸಿ, ಎಡಗಾಲು ಮುಂದಿಟ್ಟು, ನಾಟಕಶಾಲೆಯ ಕೊನೆಯ ಸಾಲಿಗೂ ಕೇಳುವಂತೆ ಗರ್ಜಿಸಿದ: "ಎಲವೋ ಖಾಕಿವಸ್ತ್ರಗಣಕನೇ! ಈ ಯಂತ್ರೋತ್ತಮವು ಮೊಳಗಿಸಿದರೆ ವೀರಪುರುಷರ ರಣಗೀತೆಯನ್ನು ಮೊಳಗಿಸುವುದಲ್ಲದೆ, ಮುಂಬಯಿಯ ಬೀದಿಯಲ್ಲಿ ಮರಗಳನ್ನಪ್ಪಿ ಗೋಳಾಡುವ ವಿರಹಿಗಳ ಮೂಗುರಾಗವನ್ನಲ್ಲ! ಸೂಜಿಯೊಂದನ್ನು ತಂದ ಮಾತ್ರಕ್ಕೆ ಸಾಮ್ರಾಜ್ಯವನ್ನೇ ಬೇಡುವೆಯಾ? ಹಾಗಾದರೆ ನಿನ್ನ ಸೂಜಿಯನ್ನು ನಿನ್ನ ಅಂಗೈಯ ಮೇಲೆಯೇ ತಿರುವಿ ಕೇಳಿಕೋ!"

ಚನ್ನವೀರಪ್ಪನೇನು ಕಡಿಮೆಯೇ? ಅವನೂ ನಾಟಕಗಳ ಟಿಕೀಟಿಗೆ ದುಡ್ಡು ಸುರಿದವನೇ. "ಎಲೈ ಅರಳೆರಾಶಿಯ ಅರಸನೇ! ವರ್ಷದಿಂದ ಜೇಡನಿಗೆ ಮನೆಯಾಗಿರುವ ಈ ನಿನ್ನ ಕಹಳೆಗೆ ನಾಲಗೆಯನ್ನು ಕರುಣಿಸಲು ಹೊಗೆಬಂಡಿಯನ್ನೇರಿ ಬಂದ ಮಹೋಪಕಾರಿ ನಾನು! ಲೋಕವೇ ಹಾಡುತ್ತಿರುವ ಗೀತೆಯನ್ನರಿಯದ ನಿನ್ನ ಕಿವಿಗಳು ಬರೀ ರುಮಾಲನ್ನು ತಡೆಯಲು ಹುಟ್ಟಿದವೇನು? ಮೊಳಗಿದರೆ ನನ್ನದು, ಇಲ್ಲವೇ ಶೂನ್ಯವು ಮೊಳಗಲಿ!" ಎಂದವನು ಉಸಿರು ಸಾಲದೆ ಮನೆಮಾತಿಗೆ ಇಳಿದ: "ನಂದು ಹಾಕೂದಾದ್ರ ಹಾಕ್ರಿ, ಇಲ್ಲಾಂದ್ರ ನಾ ಹೊಂಟೆ."

"ಎಲ್ಲಿಗ್ ಹೊಂಟ್ರಿ? ಇನ್ನ ಊಟಾನ ಆಗಿಲ್ಲ" ಎಂದಳು ಕಾಶವ್ವ. ಅವನು ನಿಂತ.

ಮಾತಿನ ಬಾಣಗಳು ತೀರಿದ ಮೇಲೆ ಬಾಹುಯುದ್ಧ ಶುರುವಾಯಿತು. ಅಂದಾನೆಪ್ಪನ ಮುಷ್ಟಿಯಲ್ಲಿ ಕೀಲಿಯ ಹಿಡಿ, ಚನ್ನವೀರಪ್ಪನ ಬೆರಳ ತುದಿಯಲ್ಲಿ ಸೂಜಿ. ಇವನು ಅವನ ಮಣಿಕಟ್ಟು ಹಿಡಿದ, ಅವನು ಇವನ ರುಮಾಲು ಹಿಡಿದ. ಮೇಜು ಅಲುಗಿತು, ಕಹಳೆ ಗೊಣಗಿತು, ಜರಿರುಮಾಲು ಬಿಚ್ಚಿ ಜಲಪಾತದಂತೆ ನೆಲಕ್ಕೆ ಹರಿಯಿತು. ಆ ಕ್ಷಣದಲ್ಲಿ, ಹಡಗುಗಳು ತರಲಾರದ, ರೂಪಾಯಿಗಳು ಕೊಳ್ಳಲಾರದ ಆ ಉಕ್ಕಿನ ಮಹಾಸ್ತ್ರವು ಬೆರಳಿನಿಂದ ಜಾರಿ, ಗಾಳಿಯಲ್ಲಿ ಮಿಂಚಿ, ಸದ್ದಿಲ್ಲದೆ ಗುರವ್ವನ ರವೆಯಲ್ಲಿ ಮುಳುಗಿತು.

"ಅಯ್ಯ ನನ ಶಿವನ!" ಎಂದು ಗುರವ್ವ ಕಟ್ಟುತ್ತಿದ್ದ ಉಂಡಿಯನ್ನು ಕೈಬಿಟ್ಟಳು. "ಯಾರೂ ಉಂಡಿ ಮುಟ್ಟಬ್ಯಾಡ್ರಿ! ಪಿನ್ನ ಹೊಟ್ಯಾಗ ಹೋದ್ರ ಏನ ಗತಿ?"

ವೀರರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗುರವ್ವನಿಗೆ ಬಂದ ಸಿಟ್ಟನ್ನು ವರ್ಣಿಸಲು ನನ್ನಲ್ಲಿ ಸಮಾಸಗಳಿಲ್ಲ. ಅವಳ ನಾಲ್ಕು ತಿಂಗಳ ಸಕ್ಕರೆ ಅದು.

"ಕೂಡ್ರಿ ಇಬ್ರೂ" ಎಂದಳು. "ಸಾಣಿಗಿ ತಗೋರಿ. ಕಟ್ಟಿದ ಉಂಡೀನೂ ಒಡೀರಿ. ಆ ಪಿನ್ನು ಸಿಗೂತನಾ ಏಳಬ್ಯಾಡ್ರಿ."

ಗಂಡನ ಎದುರಿಗೆ ಅವಳು ಹೀಗೆ ಮಾತಾಡಿದ್ದು ಅದೇ ಮೊದಲು. ಮಹಾರಥಿಗಳು ಧೋತರ ಮಡಿಚಿಕೊಂಡು ಪರಾತದ ಎರಡು ಬದಿಗೆ ಕುಳಿತು, ದೇವದಾನವರು ಕ್ಷೀರಸಾಗರವನ್ನು ಕಡೆದಂತೆ ರವೆಯನ್ನು ಜರಡಿ ಹಿಡಿಯತೊಡಗಿದರು. ಜರಡಿಯಲ್ಲಿ ಉಳಿದದ್ದೆಲ್ಲ ಏಲಕ್ಕಿ ಸಿಪ್ಪೆ. ಮೀಸೆಗೆ ರವೆ ಕೂತಿತು, ಹುಬ್ಬಿಗೆ ರವೆ ಕೂತಿತು, ಸುವಾಸಿತ ಕೇಶತೈಲಕ್ಕಂತೂ ರವೆ ಅಂಟಿ ಬಿಡಲಿಲ್ಲ.

ಗುರವ್ವ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದಳು. ಚಿಮಣಿ ಎಣ್ಣೆ ಇಲ್ಲದ್ದರಿಂದ ಆ ವರ್ಷ ಎಲ್ಲರ ಒಲೆಗೂ ಜಾಲಿಯ ಟೊಂಗೆಗಳೇ. ರಾಶಿಯಿಂದ ಒಳ್ಳೆಯ ಎರಡು ಮುಳ್ಳು ಮುರಿದು ತಂದು, ಬುಡವನ್ನು ಈಳಿಗೆಮಣೆಯ ಮೇಲೆ ಕೊಯ್ದು, ಯಂತ್ರದಲ್ಲಿ ಸೂಜಿ ಕೂರುವ ತೂತಿಗೆ ಒಂದನ್ನು ಸಿಕ್ಕಿಸಿ ತಿರುಪು ಬಿಗಿದಳು. ಗಂಡನನ್ನು ಕೇಳಲಿಲ್ಲ. ಕೇಳಬೇಕೆಂದು ಅವಳಿಗೆ ಅನಿಸಲೂ ಇಲ್ಲ.

"ತಂಗಿ, ಕೀಲಿ ತಿರುವು" ಎಂದಳು. ಕಾಶವ್ವ ಬಳೆ ಸದ್ದು ಮಾಡುತ್ತ ತಿರುವಿದಳು.

"ಏ! ಏನ್ ಮಾಡಾಕತ್ತೀರಿ?" ಎಂದು ಅಂದಾನೆಪ್ಪ ಎದ್ದ.

"ಪಿನ್ನು ಸಿಕ್ತೇನು?" ಎಂದಳು ಗುರವ್ವ. ಅವನು ಕುಳಿತ.

ಮುಳ್ಳಿನ ದನಿ ಉಕ್ಕಿನ ದನಿಯಂತಲ್ಲ. ನೆಗಡಿಯಾದವರು ಗೋಡೆಯಾಚೆ ಮಾತಾಡಿದಂತೆ ಬರುತ್ತದೆ. ಕೇಳಬೇಕಾದರೆ ಎಲ್ಲರೂ ಸುಮ್ಮನಿರಬೇಕು. ಇದೆಲ್ಲ ಯಾರ ತಪ್ಪು ಎಂದು ಇನ್ನೂ ತರ್ಕ ಮಾಡುತ್ತಿದ್ದ ವೀರರಿಗೆ ಕಾಶವ್ವ "ಶ್!" ಎಂದಳು. ಕಹಳೆಯೊಳಗಿನಿಂದ ಅತ್ತೆಯೊಬ್ಬಳು ಹೇಳಿದಳು, "ಅಳಿಯಂದ್ರ, ಸಂಜೀ ಗಾಡಿ ತಪ್ಪೀತು."

"ತಪ್ಪಲಿ ಬಿಡ್ರಿ ಅತ್ತಿ, ನಾಳಿ ಐತಲ್ಲ."

"ನಾಳಿ ಗಾಡಿ ಭಾಳ ತುಂಬಿರತೈತಿ."

"ಹಂಗಂದ್ರ ನಾಡದ ಹೊಕ್ಕೀನಿ."

ಸಂಗವ್ವ ಬೀದಿಯಿಂದ ಕಣ್ಣು ತೆಗೆದು ಕಹಳೆಯ ಕಡೆ ನೋಡಿದಳು. ಕೂತಲ್ಲೇ ಸರಿದು ಸರಿದು ಹತ್ತಿರ ಬಂದಳು. ಗುರವ್ವ ತಾಯಿಯ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಪ್ಲೇಟಿನ ಅತ್ತೆಗೆ ಕೊನೆಗೆ ತಾಳ್ಮೆ ಕೆಟ್ಟಿತು. "ಅಲ್ರೀ, ಆ ಗಾಡಿ ನೋಡ್ರಿ, ದಿನಾ ಬರತೈತಿ, ದಿನಾ ಹೋಗತೈತಿ. ನೀವ್ಯಾಕ ಹೋಗವಲ್ರಿ?"

ಕಟ್ ಎಂದಿತು. ಮುಳ್ಳು ಮುರಿಯಿತು. ಅಳಿಯನ ಉತ್ತರ ಬರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ, ಪರಾತದ ತಳದಿಂದ ಅಂದಾನೆಪ್ಪ ಜಯಘೋಷದೊಡನೆ ಮೇಲೆದ್ದ. ಶ್ವೇತರವಾವಲಿಪ್ತಸರ್ವಾಂಗನಾದ ಆ ಧೀರನ ಎತ್ತಿದ ಕೈಯಲ್ಲಿ ಸೂಜಿ ಥಳಥಳಿಸಿತು. "ಸಿಕ್ಕಿತು! ಸಿಕ್ಕಿತು!" ಎಂದು ಚನ್ನವೀರಪ್ಪನೂ ಕೂಗಿದ.

"ಕೊಡ್ರಿ ಇಲ್ಲೆ" ಎಂದು ಗುರವ್ವ ಕೈ ಚಾಚಿದಳು. ಅವನು ಹಿಗ್ಗಿ ಕೊಟ್ಟ. ಅವಳು ಅದರ ಮೊನೆಯಿಂದ ತೂತಿನಲ್ಲಿ ಸಿಕ್ಕಿಬಿದ್ದಿದ್ದ ಮುಳ್ಳಿನ ಚೂರನ್ನು ಕೆದಕಿ ಕೆದಕಿ ಹೊರಗೆ ತೆಗೆದಳು. ಆಮೇಲೆ ಸೂಜಿಯನ್ನು ಗಂಡನ ಅಂಗೈಗೆ ಹಿಂದಿರುಗಿಸಿದಳು.

"ಎಲ್ಲೆರ ಇಡ್ರಿ. ತುದಿ ಡೊಂಕಾತು" ಎಂದು ಎರಡನೆಯ ಮುಳ್ಳನ್ನು ಸಿಕ್ಕಿಸತೊಡಗಿದಳು.

ಆದರೆ ಸಂಗವ್ವನಿಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ. ಎದುರಿಗೆ ನಿಂತಿದ್ದ ಇಬ್ಬರು ಅಳಿಯಂದಿರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ರುದ್ರಪ್ಪ ಮಾಡುತ್ತಿದ್ದ ಹಾಗೆಯೇ ಹುಬ್ಬು ಕುಣಿಸಿ, ಪ್ಲೇಟಿನ ಅಳಿಯನ ಮಾತನ್ನು ತಾನೇ ಆಡಿದಳು: "ಗಾಡಿಗೆ ಯಾರ ಉಂಡಿ ಕೊಡ್ತಾರ್ರೀ, ಅತ್ತಿ?"

ಆಡಿದವಳೇ ನಕ್ಕಳು. ಬಾಯಿಗೆ ಸೆರಗಿಟ್ಟು ನಕ್ಕಳು, ಸೆರಗು ತೆಗೆದು ನಕ್ಕಳು, ನಗುತ್ತ ನಗುತ್ತ ಅತ್ತಳು. "ಹಿಂಗ ಅಂತಿದ್ದ ನನ ಮಗ, ಬರೋಬ್ಬರಿ ಹಿಂಗ" ಎಂದು ಮತ್ತೆ ನಕ್ಕಳು. ಗುರವ್ವ ತಾಯಿಯ ಭುಜದ ಮೇಲೆ ತಲೆಯಿಟ್ಟಳು. ಅಂದಾನೆಪ್ಪ ಸೂಜಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

"ಮತ್ತ ಮೊದಲಿಂದ ಹಚ್ಚ, ಗುರವ್ವ" ಎಂದಳು ಸಂಗವ್ವ, ಕಣ್ಣೊರೆಸಿಕೊಂಡು. ಬಂದ ಮೇಲೆ ಅವಳು ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಆಮೇಲೆ ಅಳಿಯಂದಿರ ಕಡೆ ತಿರುಗಿದಳು. "ನೀವಿಬ್ರೂ ಸುಮ್ನ ನಿಂತೀರಲ್ಲ. ಹಿತ್ತಲಕ್ಕ ಹೋಗಿ ಇನ್ನ ನಾಕು ಮುಳ್ಳ ತಗೊಂಬರ್ರಿ."

ಮಹಾರಥಿಗಳು ಹೋದರು.