ಅಳಿಯಂದಿರ ಪೋರ್ಟು

ಮಸ್ಕತ್ತಿನಿಂದ ಹನೋಯ್‌ವರೆಗೆ ಸ್ವಿಚ್ ಕೂರಿಸಿ ಬಂದಿದ್ದೇನೆ. ಸ್ವಿಚ್ ಅಂದರೆ ಆಫೀಸಿನ ಕಂಪ್ಯೂಟರು, ಫೋನುಗಳ ವೈರೆಲ್ಲ ಬಂದು ಸೇರುವ ಡಬ್ಬ. ದಟ್ಟಣೆಯಾದಾಗ ಯಾವುದನ್ನು ಮೊದಲು ಬಿಡಬೇಕು, 'ನಂದು ಅರ್ಜೆಂಟು' ಅಂದವರಲ್ಲಿ ಯಾರನ್ನು ನಂಬಬೇಕು ಅಂತ ಅದಕ್ಕೆ ಹೇಳಿಕೊಡುವುದು ನನ್ನ ಕೆಲಸ. ಡಬ್ಬ ಎಲ್ಲ ಕಡೆ ಒಂದೇ. ಆದರೆ ನಮ್ಮ ಕಡೆ ಬಂದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಎಲ್ಲರೂ ಮುಂದೆ

ನೆಲಮಂಗಲದ ಗೋದಾಮಿನ ಮ್ಯಾನೇಜರನ್ನು ಕೇಳಿದೆ, "ಯಾವುದು ಮುಂದೆ ಹೋಗ್ಬೇಕು ಸಾರ್?"

"ಎಲ್ಲಾನೂ ಅರ್ಜೆಂಟೇ ಮೇಡಂ."

"ಎಲ್ಲಾನೂ ಮುಂದೆ ಅಂದ್ರೆ ಯಾವುದೂ ಮುಂದೆ ಹೋಗಲ್ಲ."

ಕಿಟಕಿಯಾಚೆ ಹೆದ್ದಾರಿಯಲ್ಲಿ ಲಾರಿಗಳು ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದವು. ಮ್ಯಾನೇಜರು ಅದನ್ನೇ ನೋಡಿ, "ಸರಿ, ಹಾಗಾದ್ರೆ ನಂದೊಂದು ಮುಂದೆ ಹಾಕ್ಬಿಡಿ" ಅಂದರು.

ಸದ್ದಿಲ್ಲದ ಚೌಕಾಸಿ

ದೊಡ್ಡಬಳ್ಳಾಪುರದ ಸೀರೆ ಸಾಹುಕಾರರ ಆಫೀಸಿನಲ್ಲಿ ಫೋನಿನ ಮಾತು ತುಂಡು ತುಂಡು.

"ಹೋದ್ಸಲ ಗಿರಾಕಿಗೆ ರೇಟು ಹೇಳ್ದೆ ಕಣಮ್ಮ, ಆ ಕಡೆ ಸದ್ದೇ ಇಲ್ಲ. ಜಾಸ್ತಿ ಆಯ್ತೇನೋ ಅಂತ ಇಳಿಸ್ದೆ. ಮತ್ತೆ ಸದ್ದಿಲ್ಲ, ಮತ್ತೆ ಇಳಿಸ್ದೆ. ಅವನಿಗೆ ಕೊನೇದೊಂದೇ ಕೇಳ್ಸಿದ್ದು."

ಅದೇ ಗಿರಾಕಿ ಆವತ್ತು ಮಧ್ಯಾಹ್ನ ಮತ್ತೆ ಫೋನ್ ಮಾಡುವವನಿದ್ದ. ಈ ಸಲವೂ ಹಾಗಾದರೆ ಮಗ್ಗ ನಿಲ್ಲಿಸುವುದೇ ಸೈ.

ಮನೆ ಅಳಿಯನ ಮರ್ಯಾದೆ

ಹುಡುಕಿದರೆ, ಕಾರಣ ಸಾಹುಕಾರರ ಅಳಿಯಂದಿರ ಕಂಪ್ಯೂಟರು. ಅವರ ವೈರು ಚುಚ್ಚಿದ್ದ ಪೋರ್ಟನ್ನು ಯಾರೋ 'ಟ್ರಸ್ಟ್', ಅಂದರೆ ಇಲ್ಲಿಂದ 'ಅರ್ಜೆಂಟು' ಅಂತ ಬಂದಿದ್ದನ್ನೆಲ್ಲ ನಂಬು, ಅಂತ ಇಟ್ಟಿದ್ದರು. ಅವರು ಕಳಿಸುವ ಸೀರೆ ವಿಡಿಯೋಗಳೆಲ್ಲ 'ಅರ್ಜೆಂಟ್' ಹಣೆಪಟ್ಟಿ ಕಟ್ಟಿಕೊಂಡು ಫೋನಿನ ಮಾತನ್ನು ಹಿಂದೆ ತಳ್ಳುತ್ತಿದ್ದವು. ಬದಲಿಸಿದೆ. ಪರದೆಯ ಮೇಲೆ ಅವರ ಹೆಸರಿನ ಮುಂದೆ 'ಅನ್‌ಟ್ರಸ್ಟೆಡ್' ಅಂತ ಬಂತು. ಬೆನ್ನ ಹಿಂದೆ ನಿಂತಿದ್ದ ಅಳಿಯಂದಿರು ಓದಿದರು.

"ನನ್ನ ಮೇಲೆ ನಂಬಿಕೆ ಇಲ್ವಾ? ಸರಿ ಮಾವ, ನಾನು ಹೊರಡ್ತೀನಿ."

ಸಾಹುಕಾರರು ಬೆವರಿದರು. "ಕೂತ್ಕೊಳಿ ಅಳಿಯಂದ್ರೇ. ಏನಮ್ಮ ಇದು, ಮನೆ ಅಳಿಯನ್ನ ನಂಬದೇ ಇರೋಕಾಗುತ್ತಾ? ಮೊದ್ಲಿದ್ದಂಗೇ ಹಾಕು."

"ಹಾಕಿದ್ರೆ ಗಿರಾಕಿ ಮಾತು ಕೇಳ್ಸಲ್ಲ."

ಅಳಿಯಂದಿರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಪಕ್ಕದಲ್ಲಿ ಬಿಲ್ ಟೈಪ್ ಮಾಡುತ್ತಿದ್ದ ಮಗಳು, ಅಂದರೆ ಅವರ ಹೆಂಡತಿ, ತಲೆಯೆತ್ತದೆ ಮೆಲ್ಲಗೆ ಕೇಳಿದಳು: "ಅಕ್ಕಾ, ಹೊರಗಡೆ ಟ್ರಸ್ಟ್ ಅಂತ್ಲೇ ಇರ್ಲಿ. ಇವರು ಅರ್ಜೆಂಟ್ ಅಂದಿದ್ದನ್ನೆಲ್ಲ ಒಳಗೊಳಗೇ ಮಾಮೂಲಿ ಮಾಡೋಕಾಗುತ್ತಾ?"

ಆಗುತ್ತೆ. ಅದಕ್ಕೊಂದು ಸೆಟ್ಟಿಂಗೇ ಇದೆ. ಇದುವರೆಗೆ ಯಾರೂ ಕೇಳಿರಲಿಲ್ಲ. ಹಾಕಿದೆ. ಅಳಿಯಂದಿರು ಪರದೆ ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಧ್ಯಾಹ್ನ ಫೋನ್ ಮಾಡಿದ ಗಿರಾಕಿ ಎದುರಿಗೆ ಕೂತು ಮಾತಾಡಿದಂತೆ ಕೇಳಿಸಿದ. ಸಾಹುಕಾರರು ಒಂದೇ ಸಲ ರೇಟು ಹೇಳಿ ಸುಮ್ಮನಾದರು, ಆರ್ಡರ್ ಕುದುರಿತು.

ಹೊರಡುವಾಗ ಮಗಳನ್ನು ಕೇಳಿದೆ, "ನಿಂಗೆ ಇದು ಹೇಗೆ ಹೊಳೀತು?"

"ಮದುವೆ ಆದಾಗಿಂದ ಮನೇಲಿ ಹಾಗೇ ಮಾಡ್ತಿರೋದು ಅಕ್ಕಾ."