ಆನೆ ಓಡಿಸುವ ಲ್ಯಾಪ್‌ಟಾಪ್

ನಮ್ಮ ಸೋದರತ್ತೆಯ ಮನೆಯಲ್ಲಿ ಯಾವ ಯಂತ್ರಕ್ಕೂ ಸಹಜ ಮರಣದ ಭಾಗ್ಯವಿಲ್ಲ. ಅದು ಕಣ್ಣು ಮುಚ್ಚುವ ಮೊದಲೇ ಅತ್ತೆ ಅದರ ಹೊಟ್ಟೆ ಬಿಚ್ಚಿರುತ್ತಾರೆ! ಮಿಕ್ಸಿ, ಪಂಪ್‌ಸೆಟ್ಟು, ನೆರೆಯವರ ಟಾರ್ಚು, ಯಾವುದೂ ಆ ಸ್ಕ್ರೂಡ್ರೈವರಿನಿಂದ ಪಾರಾಗಿಲ್ಲ. ಒಮ್ಮೆ ಕರೆಂಟ್ ಮೀಟರ್ ನೋಡಲು ಬಂದವನೊಬ್ಬ, ತನ್ನ ಕೈಯ ಬಿಲ್ಲಿನ ಯಂತ್ರ ಈಚೆಗೆ ಯಾಕೋ ಮಂದ ಎಂದು ಬಾಯಿತಪ್ಪಿ ಅಂದುಬಿಟ್ಟ. ಅತ್ತೆ ಹಿರಿಹಿರಿ ಹಿಗ್ಗಿ ಒಳಗಿನಿಂದ ಸ್ಕ್ರೂಡ್ರೈವರ್ ತರುವಷ್ಟರಲ್ಲಿ ಆತ ಎರಡು ಗದ್ದೆ ದಾಟಿದ್ದ!

ಇಂಥವರ ಕೈಗೆ ನನ್ನ ಹಳೆಯ ಲ್ಯಾಪ್‌ಟಾಪನ್ನು ಒಪ್ಪಿಸಿದವನು ನಾನೇ. ಅದು ಅಲ್ಲಿ ಆನೆ ಓಡಿಸುವ ಕೆಲಸಕ್ಕೆ ಸೇರಿತು. ನಗಬೇಡಿ. ಅತ್ತೆಯ ಊರಾದ ಚೇಕಾಡಿಯಲ್ಲಿ ಗದ್ದೆ ಮುಗಿದಲ್ಲಿ ಕಾಡು ಶುರು. ಭತ್ತ ಹಾಲುಗಟ್ಟಿದರೆ ಸಾಕು, ಆನೆಗಳ ಸವಾರಿ ಬಂತೆಂದೇ ಲೆಕ್ಕ. ಮಾವ ಗದ್ದೆ ಕಾಯುವ ಅಟ್ಟಣೆ ಹತ್ತಿ “ಹೋಯ್!” ಎಂದು ಕೂಗಿದರೆ ಆಚೆ ದಿಣ್ಣೆಯ ನಾಯಿಗಳೂ ಬಾಲ ಮುದುರುತ್ತಿದ್ದವು. ಮೊಣಕಾಲು ಏಣಿಗೆ ಒಲ್ಲೆನೆಂದ ವರ್ಷ ಅವರು ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಆ ಕೂಗನ್ನು ಲ್ಯಾಪ್‌ಟಾಪಿಗೆ ತುಂಬಿಸಿದರು. ಅಂದಿನಿಂದ ದಿನಾ ಸಂಜೆ ಅದು ಅಟ್ಟಣೆಗೆ ಕಟ್ಟಿದ ಕೋಳಾಂಬಿಯಲ್ಲಿ, ಅಂದರೆ ಮದುವೆ ಮನೆಗಳಲ್ಲಿ ಕಟ್ಟುವ ಅಗಲ ಬಾಯಿಯ ಸ್ಪೀಕರಿನಲ್ಲಿ, ಮೊಳಗತೊಡಗಿತು. ಮಾವ ತೀರಿಕೊಂಡು ಮೂರು ವರ್ಷವಾಯಿತು. ಕೂಗು ಮಾತ್ರ ಒಂದು ದಿನವೂ ರಜೆ ಹಾಕಿಲ್ಲ.

ಕೂಗಿಗೆ ಮೊದಲು ಒಂದು ಪೀಠಿಕೆಯೂ ಇದೆ. ಮಾವನ ಕೆಮ್ಮು, ಕುರ್ಚಿಯ ಕಿರ್ರೆಂಬ ಸದ್ದು, ಆಮೇಲೆ ಅತ್ತೆಯೊಡನೆ ಚಹಾದ ವಿಚಾರಣೆ. ಹೀಗಾಗಿ ಅತ್ತೆಯ ಮನೆಯ ಚಹಾದ ಸಮಾಚಾರ ಕಾಡಿನ ಆನೆಗಳಿಗೆಲ್ಲ ಬಾಯಿಪಾಠ!

“ಅತ್ತೇ, ಆನೆಗಳು ಇದಕ್ಕೆ ಕಿವೀನೂ ಆಡಿಸಲ್ಲ. ಸೋಲಾರ್ ಬೇಲಿ ಬಂದಿದೆಯಲ್ಲ, ಇದ್ಯಾಕೆ?” ಎಂದೆ ಒಮ್ಮೆ.

“ಬೇಲಿಗೆ ಬಾಯಿ ಐತೇನ್ಲಾ?” ಎಂದರು.

ಈ ಮಳೆಗಾಲ ಕಳೆಯುವಾಗ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಟಿಕ್ ಟಿಕ್ ಎಂಬ ಸದ್ದು ಹುಟ್ಟಿತು. ಅದು ಎಚ್ಚರಾಗುವಷ್ಟರಲ್ಲಿ ಅತ್ತೆ ಮನೆಮಂದಿಗೆಲ್ಲ ದೋಸೆ ಹುಯ್ದು ಮುಗಿಸುತ್ತಿದ್ದರು. ಹಾರ್ಡ್ ಡಿಸ್ಕ್ ಸಾಯುತ್ತಿತ್ತು. ಮಾವನ ಕೂಗು ಇದ್ದದ್ದು ಅದರೊಳಗೇ, ಬೇರೆಲ್ಲೂ ಇಲ್ಲ! ಪುಲ್ಪಳ್ಳಿ ಪೇಟೆಯ ಕಂಪ್ಯೂಟರ್ ಅಂಗಡಿಯವನು ಕಿವಿಯಿಟ್ಟು ಆಲಿಸಿ, “ಅಮ್ಮಚ್ಚೀ, ಇದು ಇನಿ ಕಳಞ್ಞೋ” ಎಂದ. ಮಲಯಾಳದಲ್ಲಿ, ಇನ್ನು ಬಿಸಾಡಿ ಎಂದರ್ಥ. ನಿನ್ನ ಅಜ್ಜಿಯೂ ನಿಧಾನವಾಗಿಯೇ ಏಳುತ್ತಾಳೆ, ಅವಳನ್ನೂ ಬಿಸಾಡುತ್ತೀಯಾ ಎಂದು ಅವನ ಭಾಷೆಯಲ್ಲೇ ವಿಚಾರಿಸಿ, ಅತ್ತೆ ಹೊಸ ಡಿಸ್ಕೊಂದನ್ನು ಮಾತ್ರ ಕೊಂಡು ಬಂದರು.

ಶಸ್ತ್ರಚಿಕಿತ್ಸೆ ಊಟದ ಮೇಜಿನ ಮೇಲೆ, ಒಗೆದ ಪಂಚೆ ಹಾಸಿ ನಡೆಯಿತು. ಬಿಚ್ಚಿದ ಸ್ಕ್ರೂಗಳು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಉದ್ದ, ಗಿಡ್ಡ ಎಂಬ ಜಾತಿವಾರು ಕೂತವು. ನನಗೆ ಟಾರ್ಚು ಹಿಡಿಯುವ ಗೌರವ ಹುದ್ದೆ.

“ಎರಡನೇ ಇಡ್ಲಿ ಕೊಡು.”

ಕೊಟ್ಟೆ.

“ಅಯ್ಯೋ, ಇದು ಉದ್ದಂದು ಕಣ್ಲಾ!”

“ತಟ್ಟೆ ತಿರುಗಿಸಿಟ್ಟಿದ್ದು ನೀವೇ ಅಲ್ವಾ?”

“ಮತಿ ಮತಿ,” ಎಂದು ಮಲಯಾಳದಲ್ಲೇ ನನ್ನ ಬಾಯಿ ಮುಚ್ಚಿಸಿದರು. “ಸಾಕು. ಟಾರ್ಚು ನೆಟ್ಟಗೆ ಹಿಡಿ. ಬೆಳಕು ವೈರಿನ ಮೇಲೆ ಬಿಡು, ನನ್ನ ಮೂಗಿನ ಮೇಲಲ್ಲ.”

ಹೊಸ ಡಿಸ್ಕು ಕೂತಿತು. ಪೆನ್‌ಡ್ರೈವಿನಿಂದ ಅದಕ್ಕೆ ಜೀವ ತುಂಬಿದ್ದೂ ಆಯಿತು. ಹಳೆಯದನ್ನು ಕೇಬಲ್ಲಿನಿಂದ ಹೊರಗೆ ಸಿಕ್ಕಿಸಿದರೆ ಎರಡು ಸಲ ಬರೀ ಟಿಕ್ ಟಿಕ್. ಮೂರನೆಯ ಸಲಕ್ಕೆ ಕಣ್ಣು ಬಿಟ್ಟಿತು. ಸರ್ರನೆ ಕೂಗನ್ನು ಈಚೆಗೆ ಎಳೆದುಕೊಂಡೆ. ಹಳೆಯ ಡಿಸ್ಕನ್ನು ಅತ್ತೆ ಬಿತ್ತನೆ ಭತ್ತ ಕಟ್ಟಿಡುವ ಹಾಗೆ ಒಣಹುಲ್ಲಿನ ಪುಟ್ಟ ಮೂಡೆ ಕಟ್ಟಿ ಅಟ್ಟಕ್ಕೇರಿಸಿದರು.

“ಇದನ್ನ ಯಾಕೆ ಇಟ್ಕೋತೀರಿ?”

“ಹೊಸದು ಮೊಳೀಲಿ, ಆಮೇಲೆ ನೋಡಾಣ.”

ಇಷ್ಟಕ್ಕೇ ನಾನು ಸುಮ್ಮನಿರಬಹುದಿತ್ತು. ಆದರೆ ವಿದ್ಯಾವಂತ ನೋಡಿ! ಅಷ್ಟು ದೊಡ್ಡ ಕೂಗಿಗೆ ಅಂಥ ಕೆಮ್ಮಿನ ಪೀಠಿಕೆಯೇ? ಮೊದಲ ಅರ್ಧ ನಿಮಿಷವನ್ನು ಚೊಕ್ಕಟವಾಗಿ ಕತ್ತರಿಸಿ ಅಳಿಸಿಯೇ ಬಿಟ್ಟು, ಸಂಜೆ ಗುಂಡಿ ಒತ್ತಿದೆ. ಕೋಳಾಂಬಿ ನೇರವಾಗಿ “ಹೋಯ್!” ಎಂದಿತು. ಶಹಬ್ಬಾಸ್‌ಗಿರಿಗೆ ಕಾದು ನಿಂತೆ. ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಂದರು.

“ಇದಲ್ಲ.”

“ಇದೇ ಅತ್ತೆ! ಕೆಮ್ಮುಗಿಮ್ಮು ತೆಗೆದೆ. ಆನೆಗೆ ಬೇಕಾದ್ದು ಕೂಗು ತಾನೇ?”

“ಆನೆಗೆ ಬೇಕಾದ್ದು ಆನೆಗಾಯ್ತು,” ಎಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಅಟ್ಟ ಹತ್ತಿ ಮೂಡೆ ಇಳಿಸಿ, ಹುಲ್ಲು ಬಿಡಿಸಿ, ಡಿಸ್ಕನ್ನು ನನ್ನ ಮುಂದಿಟ್ಟರು. ಸಿಕ್ಕಿಸಿದೆ. ಟಿಕ್ ಟಿಕ್. ಮತ್ತೆ ಸಿಕ್ಕಿಸಿದೆ. ಟಿಕ್ ಟಿಕ್. ಮೂರು, ನಾಲ್ಕು. ಐದನೆಯ ಸಲ ಅತ್ತೆ ಅದರ ಮೇಲೆ ಅಂಗೈಯಿಟ್ಟು, “ಏಳಿ, ಸಂಜೆ ಆಯ್ತು,” ಎಂದು ಮೆಲ್ಲಗೆ ಎಬ್ಬಿಸಿದರು.

ಎದ್ದಿತು. ಈ ಸಲ ಒಂದು ಕೆಮ್ಮನ್ನೂ ಬಿಡದೆ ಇಳಿಸಿಕೊಂಡು ಗುಂಡಿ ಒತ್ತಿದೆ. ಅತ್ತೆ ಆಗಲೇ ಅಡುಗೆಮನೆಗೆ ಹೋಗಿದ್ದರು. ಮಾವ ಕೆಮ್ಮಿದರು. ಕುರ್ಚಿ ಕಿರ್ರೆಂದಿತು.

“ಲೇ, ಚಾ ಆಯ್ತೇನೇ? ಗಂಟ್ಲು ಒಣಗ್ತೈತೆ.”

ಅತ್ತೆ ಒಲೆಯಿಂದ ಮುಖ ತಿರುಗಿಸದೆ, “ಆಯ್ತು, ಆರೋಗ್ತದೆ. ಬೇಗ ಕೂಗಿ ಬನ್ನಿ,” ಎಂದರು.

ಗದ್ದೆಯ ಮೇಲೆ ಮಾವ ಕೂಗಿದರು.