ಸರ್ಕಿಟ್ಟಿನಲ್ಲಿ ನಾನಿಟ್ಟ ಚುಕ್ಕಿಗಳು

ಬಹಳ ವರ್ಷ ಪಾಠ ಹೇಳಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿಗೆ ಏನು ಬಂದರೂ ಅದು ತಮಗೆ ಮೊದಲೇ ಗೊತ್ತಿತ್ತು ಅನ್ನಿಸುವ ಕಾಯಿಲೆ. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ನಕಾಶೆ ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹಲವರಿಗೆ ನಾನೇ ಹೇಳಿದ್ದೇನೆ. ಹೀಗಾಗಿ ಐವತ್ತರ ಹೊಸ್ತಿಲಲ್ಲಿ ಸರ್ಕಿಟ್ ಚಿತ್ರ ಓದಲು ಕೂತಾಗ, ಇದೂ ಒಂದು ನಕಾಶೆಯೇ ತಾನೆ ಎಂದುಕೊಂಡೆ.

ಈ ಉಸಾಬರಿ ಶುರುವಾದದ್ದು ನಮ್ಮ ಡ್ರಾಯಿಂಗ್ ಟೀಚರ್ ಸುಮಿತ್ರಾಬಾಯಿಯವರಿಂದ. ಈಚೆಗೆ ಅವರ ಕಿವಿ ಮಂದವಾಗುತ್ತ ಬಂದಿದೆ. ಮಾತನ್ನು ತುಟಿ ನೋಡಿ ತಿಳಿಯುತ್ತಾರೆ. ಆದರೆ ಗಂಟೆಗೆ ತುಟಿಯಿಲ್ಲ. ಪಿರಿಯಡ್ ಮುಗಿದರೂ ಅವರು ಬೋರ್ಡಿನ ಮೇಲೆ ನವಿಲಿಗೆ ಗರಿ ಬಿಡಿಸುತ್ತಲೇ ಇರುತ್ತಾರೆ, ಹಿಂದೆ ಹುಡುಗರು ಮುಸಿಮುಸಿ ನಗುತ್ತಾರೆ. ಒಂದು ದಿನ ಸ್ಟಾಫ್‌ರೂಮಿನ ಬಾಗಿಲಲ್ಲಿ ಹೆಡ್‌ಮಾಸ್ಟರರು ನನಗೆ, "ಡ್ರಾಯಿಂಗ್ ಬಾಯಾರಿಗೆ ಬರೂ ವರ್ಷ ಲೈಬ್ರರಿ ಕೊಟ್ಟರ ಛಲೋ ಅನ್ನಸ್ತದ" ಎಂದು ಮೆಲ್ಲಗೆ ಹೇಳಿದರು. ದೂರದಲ್ಲಿ ಕೂತಿದ್ದ ಸುಮಿತ್ರಾಬಾಯಿ ಆ ತುಟಿಯನ್ನೂ ಓದಿಬಿಟ್ಟರು. ಬಣ್ಣದ ಡಬ್ಬಿಗಳನ್ನು ಸುಮ್ಮನೆ ಒರೆಸುತ್ತ ಕೂತರು. ನನಗೆ ತಡೆಯಲಾಗಲಿಲ್ಲ. "ಗಂಟಿ ಹೊಡದಕೂಡ್ಲೆ ನಿಮ್ಮ ಬೋರ್ಡಿನ ಮ್ಯಾಲೆ ದೀಪ ಹತ್ತೂವಂಗ ನಾ ಮಾಡಿ ಕೊಡ್ತೇನಿ" ಎಂದುಬಿಟ್ಟೆ. ನಮ್ಮ ಮನೆಯ ಬಲ್ಬು ಬದಲಿಸಲೂ ನಾನು ಪಕ್ಕದವರನ್ನು ಕರೆಯುತ್ತೇನೆ ಎಂಬುದು ಆಮೇಲೆ ನೆನಪಾಯಿತು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಶಬಾನಾ ಎಂಬವರ ರಿಪೇರಿ ಅಂಗಡಿಯಿದೆ. ಶನಿವಾರ ಮಧ್ಯಾಹ್ನ ಅಲ್ಲಿ ಸರ್ಕಿಟ್ ಕಲಿಸುತ್ತಾರೆ. ನನ್ನನ್ನು ನೋಡಿದವರೇ, "ಮಗನ್ನ ಸೇರಸಾಕ ಬಂದೀರೇನ್ರಿ, ಅಕ್ಕೋರ?" ಎಂದರು. ನಾನೇ ಸೇರಿದೆ.

ಮೊದಲ ದಿನ ಅಂಕುಡೊಂಕು ಗೆರೆಯೊಂದನ್ನು ತೋರಿಸಿ ಇದೇನು ಎಂದರು. "ಬೆಟ್ಟಸಾಲು" ಎಂದೆ.

"ಇದು ರೆಸಿಸ್ಟರ್‌ರಿ. ಕರೆಂಟಿಗೆ ಲಗಾಮು ಹಾಕ್ತದ."

ಎದುರುಬದುರು ನಿಂತ ಎರಡು ಗೆರೆಗಳು ನನಗೆ ಸೇತುವೆಯಾಗಿ ಕಂಡವು. ಅದು ಕರೆಂಟನ್ನು ತುಸು ಹೊತ್ತು ಕೂಡಿಡುವ ಕೆಪಾಸಿಟರ್ ಅಂತೆ. ಕೆಳಕ್ಕೆ ಬರುತ್ತ ಗಿಡ್ಡವಾಗುವ ಮೂರು ಗೆರೆಗೆ ಗ್ರೌಂಡ್ ಎಂದಾಗ ಮಾತ್ರ ಧೈರ್ಯ ಬಂತು. ಎಷ್ಟು ಅಡಿ ಅಗೆಯಬೇಕು ಎಂದು ಕೇಳಿದೆ. ಶಬಾನಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಹೊರಬಂದಾಗ ಅವರ ಕಣ್ಣಲ್ಲಿ ನೀರಿತ್ತು. ಅದು ಬ್ಯಾಟರಿಯ ಮೈನಸ್ ತುದಿಗೆ ಹೋಗುವ ಗುರುತಷ್ಟೇ ಅಂತೆ.

ಮೂರನೆಯ ಶನಿವಾರ, ಸದ್ದಾದರೆ ಹತ್ತುವ ದೀಪದ ಸರ್ಕಿಟ್ಟನ್ನು ಶಬಾನಾರ ಪುಸ್ತಕದಿಂದ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಎರಡು ಗೆರೆ ಒಂದನ್ನೊಂದು ದಾಟಿದಲ್ಲೆಲ್ಲ ಚಂದಾಗಿ ಚುಕ್ಕಿ ಇಟ್ಟೆ. ಎರಡು ರಸ್ತೆ ಕೂಡಿದಲ್ಲಿ ಊರು ಇರಲೇಬೇಕಲ್ಲ! ಅದನ್ನೇ ನೋಡಿ ತಂತಿ ಜೋಡಿಸಿ ಬ್ಯಾಟರಿ ಹಚ್ಚಿದೆ. ಹೊಗೆ ಬಂತು.

ಶಬಾನಾ ಬ್ಯಾಟರಿ ಕಿತ್ತು ನೋಟ್‌ಬುಕ್ ನೋಡಿದರು. "ಅಕ್ಕೋರ, ಚುಕ್ಕಿ ಇದ್ದರಷ್ಟ ಸಂಬಂಧ. ಇಲ್ಲಂದ್ರ ಎರಡೂ ಗೆರಿ ಸುಮ್ಮನ ದಾಟಿ ಹೋಗ್ತಾವ, ಮಾತಬಿಟ್ಟ ವಾರಗಿತ್ತೇರ ಗತೆ. ನೀವು ಎಲ್ಲಾರ್ನೂ ರಾಜಿ ಮಾಡಿಸೀರಿ ನೋಡ್ರಿ."

ನಾಚಿಕೆಯಾಯಿತು. ಆದರೆ ಅಂದಿನಿಂದ ಗೊತ್ತಿದೆ ಎನ್ನುವುದನ್ನು ಬಿಟ್ಟು ಕೇಳತೊಡಗಿದೆ. ಒಂದು ದಿನ ಪುಸ್ತಕ ತೆರೆದಾಗ ಚಿಹ್ನೆಗಳು ತಾವಾಗಿಯೇ ಮಾತಾಡಿದವು: ಇಲ್ಲಿ ಮೈಕು ಸದ್ದು ಹಿಡಿಯುತ್ತದೆ, ಇಲ್ಲಿ ಅದು ದೊಡ್ಡದಾಗುತ್ತದೆ, ಇಲ್ಲಿ ದೀಪ ಹತ್ತುತ್ತದೆ. ಮೊದಲ ಸಲ ಅಕ್ಷರ ಕೂಡಿಸಿ ಓದಿದ ಮಗುವಿನ ಹಾಗೆ ಹಿಗ್ಗಿದೆ.

ಕೊನೆಗೊಂದು ಸೋಮವಾರ ದೀಪ ಬೋರ್ಡಿನ ಮೇಲೆ ಕೂತಿತು. ನಾನೂ ಹೆಡ್‌ಮಾಸ್ಟರರೂ ಬಾಗಿಲಲ್ಲಿ ನಿಂತೆವು. ಗಂಟೆ ಹೊಡೆಯಿತು, ಕೆಂಪು ದೀಪ ಹತ್ತಿತು. ಸುಮಿತ್ರಾಬಾಯಿ ಚಾಕ್ ಕೆಳಗಿಟ್ಟು ತಿರುಗಿ, "ಸಾಕಿವತ್ತಿಗೆ, ಏಳ್ರಿ" ಎಂದರು. ನಗಲು ಯಾರಿಗೂ ಪುರುಸೊತ್ತಾಗಲಿಲ್ಲ. ಹೆಡ್‌ಮಾಸ್ಟರರು, "ಲೈಬ್ರರಿಗೆ ಬ್ಯಾರೆ ಯಾರನ್ನರ ನೋಡೋಣಂತ" ಎಂದು ಹೊರಟರು. ಸುಮಿತ್ರಾಬಾಯಿ ನನ್ನ ಕೈ ಹಿಡಿದುಕೊಂಡರು.

ಮರುದಿನ ಅವರೇ ಸ್ಟಾಫ್‌ರೂಮಿನಲ್ಲಿ ನನ್ನ ಬಳಿ ಬಂದರು. "ದೀಪ ಭಾಳ ಛಲೋ ಅದರಿ. ಆದರ ಇವತ್ತ ಗಂಟಿಗಿಂತ ಮೊದಲ ಐದು ಸರತೆ ಹತ್ತಿತು, ಗಂಟಿ ಆಗಿಲ್ಲಂತ ಹುಡುಗೂರ ಹೇಳಿದ್ರು."

ಗಾಬರಿಯಾಗಿ ಶಬಾನಾಗೆ ಫೋನ್ ಮಾಡಿದೆ. "ಬಾಜೂ ಕ್ಲಾಸಿನ್ಯಾಗ ಯಾರರ ಒದರತಾರೇನ್ರಿ?" ಎಂದರು. ಬಾಜೂ ಕ್ಲಾಸು ನನ್ನದು. "ಮೈಕಿಗೆ ಗಂಟಿ ಯಾವುದು, ಅಕ್ಕೋರು ಯಾರು ಗೊತ್ತಾಗೂದಿಲ್ರಿ. ಶನಿವಾರ ಬರ್ರಿ, ಅದರ ಕಿವಿ ತುಸು ಮಂದ ಮಾಡೋದು ಹೇಳಿಕೊಡ್ತೇನಿ."

ಅಲ್ಲಿಯವರೆಗೆ ಭಾರತದ ನದಿಗಳನ್ನೆಲ್ಲ ಪಿಸುದನಿಯಲ್ಲಿ ಹರಿಸುತ್ತಿದ್ದೇನೆ. ಇಷ್ಟು ವರ್ಷ ಕಿಟಕಿಯಾಚೆ ನೋಡುತ್ತಿದ್ದ ಹುಡುಗರು ಈಗ ನಾನು ಏನು ಹೇಳುತ್ತಿದ್ದೇನೆಂದು ಮುಂದಕ್ಕೆ ಬಾಗಿ ಕೇಳುತ್ತಿದ್ದಾರೆ.